ಕುಂಚದ ಅಕ್ಷರ, ಮಿಂಚಿನ ಅಕ್ಷರ: ಪಾವಗಡ ಸೀಮೆಯ ನಾಮಫಲಕ ವೃತ್ತಿಯ ಚಾರಿತ್ರಿಕ ಅವಲೋಕನ

ಪೀಠಿಕೆ

ಕರ್ನಾಟಕದ ಜಾನಪದ ಅಧ್ಯಯನವು ಕಳೆದ ಅರ್ಧ ಶತಮಾನದಲ್ಲಿ ಕರಕುಶಲ ವೃತ್ತಿಗಳ ಬಗೆಗೆ ಗಣನೀಯವಾದ ಸಾಮಗ್ರಿಯನ್ನು ಕಲೆಹಾಕಿದೆ. ಕಿನ್ನಾಳದ ಮರದ ಗೊಂಬೆ, ಚನ್ನಪಟ್ಟಣದ ಅರಗಿನ ಆಟಿಕೆ, ಬೀದರಿನ ಬಿದ್ರಿ ಕೆಲಸ, ಮಲೆನಾಡಿನ ಹಸೆ ಚಿತ್ತಾರ ಮೊದಲಾದವು ಗ್ರಂಥಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಸ್ಥಾನ ಪಡೆದಿವೆ. ಆದರೆ ಪ್ರತಿಯೊಂದು ತಾಲ್ಲೂಕು ಪೇಟೆಯಲ್ಲಿಯೂ ಒಂದು ಕಾಲಕ್ಕೆ ಅನಿವಾರ್ಯವಾಗಿದ್ದ ನಾಮಫಲಕ ಬರಹದ ವೃತ್ತಿ ಈ ಸಾಲಿನಲ್ಲಿ ಸೇರಿದ್ದು ವಿರಳ. ಅದು ಹಳ್ಳಿಯದಲ್ಲ, ಪೇಟೆಯದು. ಒಂದು ಕುಲಕ್ಕೆ ಮೀಸಲಾದ ಕಸುಬಲ್ಲ, ಕೈಗುಣವುಳ್ಳ ಯಾರಾದರೂ ಕಲಿಯಬಹುದಾದದ್ದು. ಅದರ ಬಣ್ಣ ಕಾರ್ಖಾನೆಯ ಡಬ್ಬಿಯಿಂದ ಬಂದದ್ದು. ಈ ಮೂರು ಕಾರಣಗಳಿಂದ ಅದು ಜಾನಪದದ ರೂಢಿಯ ವ್ಯಾಖ್ಯೆಯ ಹೊರಗೆ ಉಳಿಯಿತು. ಕಲಾವಿಮರ್ಶೆಯೂ ಅದನ್ನು ಬಜಾರಿನ ಕೆಲಸವೆಂದು ಬದಿಗಿಟ್ಟಿತು.

ಈಗ ಆ ವೃತ್ತಿ ಕ್ಷೀಣಿಸಿದೆ. ಮೊದಲು ಕಂಪ್ಯೂಟರಿನಿಂದ ಕತ್ತರಿಸಿದ ಸ್ಟಿಕರ್, ಬಳಿಕ ಫ್ಲೆಕ್ಸ್ ಮುದ್ರಣ, ಅದರ ಹಿಂದೆಯೇ ಎಲ್‌ಇಡಿ ದೀಪದ ಫಲಕಗಳು ಬಂದವು. ಇದರಿಂದ ಕುಸಿದದ್ದು ಕೆಲವರ ಉಪಜೀವನ ಮಾತ್ರವೇ, ಅಥವಾ ಕನ್ನಡದ ಅಕ್ಷರವನ್ನು ದೂರಕ್ಕೆ ಕಾಣುವಂತೆ ಕಟ್ಟುವ ಒಂದು ಜ್ಞಾನಶಾಖೆಯೂ ಅದರೊಡನೆ ಕುಸಿಯಿತೇ ಎಂಬ ಪ್ರಶ್ನೆಯನ್ನು ಪಾವಗಡ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಯನ್ನೇ ಇಲ್ಲಿ ಸೀಮೆಯೆಂದು ಸ್ಥೂಲವಾಗಿ ಗ್ರಹಿಸಲಾಗಿದೆ.

ಗಡಿಯ ಪೇಟೆ ಮತ್ತು ಎರಡು ಲಿಪಿಗಳು

ಪಾವಗಡವು ತುಮಕೂರು ಜಿಲ್ಲೆಗೆ ಸೇರಿದ್ದರೂ ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದ ತಾಲ್ಲೂಕು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯೇ ನಡುವೆ ಆಂಧ್ರದ ಮಡಕಶಿರಾ ಸೀಮೆಯನ್ನು ಹಾದುಹೋಗುತ್ತದೆ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ಪೆನುಕೊಂಡೆಗಳೊಡನೆ ಇಲ್ಲಿಯ ಜನರಿಗೆ ಸಂತೆಯ ಮತ್ತು ನೆಂಟಸ್ತಿಕೆಯ ಸಂಬಂಧವಿದೆ. ಊರಿನ ಹೆಸರುಗಳಲ್ಲಿಯೂ ಈ ದ್ವಿಭಾಷಿಕತೆ ಎದ್ದು ಕಾಣುತ್ತದೆ. ಲಿಂಗದಹಳ್ಳಿ, ವೈ.ಎನ್. ಹೊಸಕೋಟೆಗಳ ಪಕ್ಕದಲ್ಲಿಯೇ ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಊರುಗಳಿವೆ. ಕನ್ನಡದ ಹಳ್ಳಿ, ಕೋಟೆಗಳೂ ತೆಲುಗಿನಲ್ಲಿ ಕೆರೆಯನ್ನು ಸೂಚಿಸುವ ಚೆರುವೂ ಒಂದೇ ತಾಲ್ಲೂಕಿನ ದಾರಿಫಲಕಗಳಲ್ಲಿ ಒಂದೇ ಲಿಪಿಯಲ್ಲಿ ಬರೆಯಲ್ಪಡುತ್ತವೆ.

ಈ ಪರಿಸರದಲ್ಲಿ ಫಲಕ ಬರೆಯುವವನಿಗೆ ಎರಡು ಲಿಪಿಗಳ ಪರಿಚಯ ಸಹಜವಾದ ಅಗತ್ಯವಾಗಿತ್ತು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಬಂದು ಬಹುಕಾಲ ಒಂದಾಗಿದ್ದವೆಂಬುದೂ, ಸುಮಾರು 13ನೆಯ ಶತಮಾನದಿಂದ ಈಚೆಗೆ ಬೇರ್ಪಡತೊಡಗಿ 19ನೆಯ ಶತಮಾನದ ಮುದ್ರಣದ ಅಚ್ಚುಮೊಳೆಗಳಿಂದ ಆ ಭೇದ ಗಟ್ಟಿಗೊಂಡಿತೆಂಬುದೂ ಲಿಪಿಶಾಸ್ತ್ರಜ್ಞರು ಒಪ್ಪಿರುವ ಸಂಗತಿ. ಗ, ನ, ರ, ದ, ಲ ಮೊದಲಾದ ಅಕ್ಷರಗಳ ಒಡಲು ಎರಡು ಲಿಪಿಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ಕ, ತ, ಶ, ಹ ಮೊದಲಾದವು ಬೇರೆಯಾಗಿವೆ. ಮುಖ್ಯವಾದ ವ್ಯತ್ಯಾಸವಿರುವುದು ತಲೆಕಟ್ಟಿನಲ್ಲಿ. ಕನ್ನಡದ ತಲೆಕಟ್ಟು ಅಡ್ಡವಾಗಿ ಮಲಗಿ ಬಲತುದಿಯಲ್ಲಿ ಸುರುಳಿಗೊಳ್ಳುತ್ತದೆ. ತೆಲುಗಿನದು ಸರಿಗುರುತಿನ ಹಾಗೆ ಓರೆಯಾಗಿ ಮೇಲೇಳುತ್ತದೆ. ಒಡಲನ್ನು ಒಂದೇ ಕೈಚಲನೆಯಲ್ಲಿ ಬರೆದು ತಲೆಕಟ್ಟಿನಲ್ಲಿ ಭಾಷೆಯನ್ನು ನಿರ್ಣಯಿಸುವ ಈ ಅವಕಾಶ ಗಡಿಭಾಗದ ಬರಹಗಾರನಿಗೆ ದಕ್ಕಿದ ವಿಶೇಷವೆನ್ನಬಹುದು. ಶಾಸ್ತ್ರವು ಗ್ರಂಥಗಳಲ್ಲಿ ನಿರೂಪಿಸಿದ ಲಿಪಿಬಾಂಧವ್ಯವನ್ನು ಅವನ ಕುಂಚ ದಿನನಿತ್ಯವೂ ನಡೆಸುತ್ತಿತ್ತು. ಶಿರಾ ಪೇಟೆಗೆ ಬಂದರೆ ಇದರೊಡನೆ ಮೂರನೆಯ ಲಿಪಿಯೂ ಸೇರುತ್ತದೆ. 1687ರ ನಂತರ ಮೊಗಲರ ಸುಬಾದ ಕೇಂದ್ರವಾಗಿದ್ದ ಆ ಊರಿನಲ್ಲಿ ಬಲದಿಂದ ಎಡಕ್ಕೆ ಸಾಗುವ ಉರ್ದು ಬರಹಕ್ಕೂ ಗೋಡೆ ಮತ್ತು ಹಲಗೆಗಳಲ್ಲಿ ಎಡೆಯಿದೆ.

ಅಕ್ಷರ ಮತ್ತು ಬಣ್ಣದ ಪೂರ್ವಪರಂಪರೆ

ಸಾರ್ವಜನಿಕ ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ಅಕ್ಷರವನ್ನು ನಿಲ್ಲಿಸುವುದು ಈ ನಾಡಿಗೆ ಹೊಸದಲ್ಲ. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗ, ಗಡಿಯಾಚೆಗೆ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ, ಇವೆರಡೂ ಶಾಸನಗಳಿಂದ ಸಮೃದ್ಧವಾದ ಸ್ಥಳಗಳು. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1904ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ ಪ್ರಕಟಿಸಿದರು. ಕನ್ನಡ ಶಾಸನಗಳ ಕೊನೆಯಲ್ಲಿ ಪಾಠವನ್ನು ರಚಿಸಿದವನ ಹೆಸರಿನೊಡನೆ ಅದನ್ನು ಕಲ್ಲಿನಲ್ಲಿ ಕಂಡರಿಸಿದ ರೂವಾರಿಯ ಹೆಸರೂ ಹಲವೆಡೆ ಕಾಣಸಿಗುತ್ತದೆ. ಅಕ್ಷರವನ್ನು ರೂಪಿಸಿದವನಿಗೂ ಹೆಸರಿದೆ ಎಂಬ ಈ ಪ್ರಜ್ಞೆ ನಾಮಫಲಕದ ಕೆಳಮೂಲೆಯಲ್ಲಿ ಸಣ್ಣದಾಗಿ ಬರೆಯುವ ‘ಆರ್ಟ್ಸ್’ ಎಂಬ ಅಂಕಿತದಲ್ಲಿ ಮತ್ತೆ ಕಾಣಿಸುತ್ತದೆ. ಇವೆರಡರ ನಡುವೆ ನೇರವಾದ ಪರಂಪರೆಯನ್ನು ಹೇಳಲಾಗದು. ಸ್ವಭಾವದ ಸಾಮ್ಯ ಮಾತ್ರ ಸ್ಪಷ್ಟವಾಗಿದೆ.

ಬಣ್ಣದ ಕೆಲಸಕ್ಕೂ ಸೀಮೆಯ ಸುತ್ತ ಗಟ್ಟಿಯಾದ ಹಿನ್ನೆಲೆಯಿದೆ. ಲೇಪಾಕ್ಷಿಯ ವೀರಭದ್ರ ದೇವಾಲಯದ ಛಾವಣಿಯಲ್ಲಿ 16ನೆಯ ಶತಮಾನದ ವಿಜಯನಗರ ಶೈಲಿಯ ಚಿತ್ರಗಳಿವೆ. ತುಮಕೂರು–ಶಿರಾ ಹೆದ್ದಾರಿಯ ಮೇಲಿರುವ ಸೀಬಿಯ ನರಸಿಂಹಸ್ವಾಮಿ ದೇವಾಲಯದ ಭಿತ್ತಿಚಿತ್ರಗಳಲ್ಲಿ ಪುರಾಣದ ಪ್ರಸಂಗಗಳೊಡನೆ ದರ್ಬಾರಿನ ದೃಶ್ಯಗಳೂ ಸೇರಿವೆ. ಅನಂತಪುರ ಸೀಮೆಯ ನಿಮ್ಮಲಕುಂಟದಲ್ಲಿ ತೊಗಲುಗೊಂಬೆಯ ಬಣ್ಣಗಾರಿಕೆ ಇಂದಿಗೂ ಉಳಿದಿದೆ. ಆದರೆ ಆಧುನಿಕ ಫಲಕ ಬರಹಕ್ಕೆ ಇವೆಲ್ಲಕ್ಕಿಂತ ಹತ್ತಿರದ ಮೂಲ ವೃತ್ತಿರಂಗಭೂಮಿಯ ಪರದೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವು ತುಮಕೂರು ಜಿಲ್ಲೆಯ ನಾಟಕಾಭಿರುಚಿಯನ್ನು ರೂಪಿಸಿತು. ಅರಮನೆ, ಕಾಡು, ಬೀದಿಗಳ ಪರದೆಗಳನ್ನು ಬರೆಯುವ ಕಲಾವಿದರ ವರ್ಗವೊಂದು ವೃತ್ತಿನಾಟಕ ಕಂಪನಿಗಳ ನೆರಳಿನಲ್ಲಿ ಬೆಳೆಯಿತು. ಚೌಕಳಿ ಹಾಕಿ ಚಿಕ್ಕ ಚಿತ್ರವನ್ನು ದೊಡ್ಡದು ಮಾಡುವ ಕ್ರಮ, ನೆರಳು ಕೊಟ್ಟು ಅಕ್ಷರವನ್ನು ಉಬ್ಬಿಸುವ ಕ್ರಮ, ದೂರದಿಂದ ನೋಡುವವನ ಕಣ್ಣಿಗೆ ತಕ್ಕಂತೆ ಬಣ್ಣ ಆರಿಸುವ ಕ್ರಮ, ಇವು ಪರದೆಗೂ ಫಲಕಕ್ಕೂ ಸಮಾನವಾಗಿದ್ದವು. ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳನ್ನಾಡುವ ರೂಢಿ ಜಿಲ್ಲೆಯಲ್ಲಿ ಬಲವಾಗಿರುವುದರಿಂದ ಬಾಡಿಗೆಯ ಸೀನರಿಗೂ ಬೇಡಿಕೆ ಮುಂದುವರಿಯಿತು.

ವೃತ್ತಿಯ ಕ್ರಮ ಮತ್ತು ಅಕ್ಷರದ ಲೆಕ್ಕ

ಫಲಕ ಬರಹದ ಸಾಮಗ್ರಿ ಸರಳವಾದದ್ದು. ಮರದ ಚೌಕಟ್ಟಿಗೆ ಬಡಿದ ತಗಡು, ತುಕ್ಕು ಹಿಡಿಯದಂತೆ ಬಳಿಯುವ ಕೆಂಪು ಪ್ರೈಮರ್, ಅದರ ಮೇಲೆ ಎನಾಮೆಲ್ ನೆಲಬಣ್ಣ, ಚಪ್ಪಟೆ ಮತ್ತು ಮೊನಚು ಕುಂಚಗಳು, ಟರ್ಪೆಂಟೈನ್, ಕೈ ನಡುಗದಂತೆ ಆನಿಸಿಕೊಳ್ಳುವ ಕೋಲು. ಗೋಡೆಬರಹವಾದರೆ ಸುಣ್ಣ, ಕೆಮ್ಮಣ್ಣು, ನೀಲಿ ಮತ್ತು ಅಂಟು. ಪುಡಿ ಹಚ್ಚಿದ ದಾರವನ್ನು ಬಿಗಿದು ಚಿಮ್ಮಿಸಿದರೆ ನೇರವಾದ ಗೆರೆ ಮೂಡುತ್ತಿತ್ತು. ಒಂದೇ ಬರಹವನ್ನು ಹಲವು ಕಡೆ ಬರೆಯಬೇಕಾದಾಗ ಕಾಗದದಲ್ಲಿ ಅಕ್ಷರದ ಅಂಚನ್ನು ಸೂಜಿಯಿಂದ ಚುಚ್ಚಿ ಇದ್ದಲಿನ ಪುಡಿ ತಟ್ಟುವ ಉಪಾಯವಿತ್ತು. ಕಲಿಯುವವನು ಮೊದಲು ತಗಡು ಉಜ್ಜಿ, ಕುಂಚ ತೊಳೆದು, ನೆಲಬಣ್ಣ ಬಳಿದು, ಕಡೆಗೆ ಅಕ್ಷರದ ಒಳತುಂಬುವ ಕೆಲಸಕ್ಕೆ ಬರುತ್ತಿದ್ದ. ಹೊರಗೆರೆ ಎಳೆಯುವ ಅಧಿಕಾರ ಗುರುವಿನ ಕೈಯಲ್ಲಿರುತ್ತಿತ್ತು. ಕೆಲವರು ಡ್ರಾಯಿಂಗ್ ಪರೀಕ್ಷೆಗಳನ್ನು ಮುಗಿಸಿ ಬಂದವರಾದರೂ ಬಹುತೇಕರ ವಿದ್ಯೆ ನೋಡಿ ಕಲಿತದ್ದು. ಆ ದೃಷ್ಟಿಯಿಂದ ಇದು ಮೌಖಿಕ ಪರಂಪರೆಯ ಎಲ್ಲ ಲಕ್ಷಣಗಳನ್ನೂ ಉಳ್ಳ ವಿದ್ಯೆ.

ಈ ವಿದ್ಯೆಯ ತಿರುಳು ಇರುವುದು ಅಕ್ಷರದ ಎತ್ತರವನ್ನು ಹಂಚುವ ಲೆಕ್ಕದಲ್ಲಿ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಸಮನಾಗಿ ನಿಲ್ಲುತ್ತವೆ. ಕನ್ನಡದ ಅಕ್ಷರ ಹಾಗಲ್ಲ. ಗುಡಿಸು ಮೇಲಕ್ಕೆ ಏರುತ್ತದೆ, ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಕೊಂಬು ಮತ್ತು ದೀರ್ಘಗಳು ಬಲಕ್ಕೆ ಚಾಚುತ್ತವೆ. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಮಹಾಲಕ್ಷ್ಮಿಯ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ‘ಕ್ಷ್ಮಿ’ ಎಂಬಲ್ಲಿ ಕಕಾರಕ್ಕೆ ಷಕಾರ ಮಕಾರಗಳೆರಡೂ ಕೂಡಿವೆ, ಮೇಲೆ ಗುಡಿಸೂ ಇದೆ. ‘ಹಾ’ದಲ್ಲಿ ಇವಾವುವೂ ಇಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸುವಾಗ ಒಡಲಿನ ಅಳತೆಯನ್ನು ಎಷ್ಟು ತಗ್ಗಿಸಬೇಕು, ಒತ್ತನ್ನು ಅಕ್ಷರದ ಅಡಿಗೆ ಎಷ್ಟು ಸರಿಸಬೇಕು, ಮುಂದಿನ ಸಾಲಿನ ಗುಡಿಸು ಹಿಂದಿನ ಸಾಲಿನ ಒತ್ತಿಗೆ ತಾಗದಂತೆ ಹೇಗೆ ತಪ್ಪಿಸಬೇಕು ಎಂಬುದನ್ನು ಬರಹಗಾರ ಪ್ರತಿಯೊಂದು ಫಲಕದಲ್ಲಿಯೂ ಹೊಸದಾಗಿ ನಿರ್ಧರಿಸುತ್ತಿದ್ದ. ಅಕ್ಷರದ ನಡುವಿನ ತೆರಪು ಕಣ್ಣಳತೆಯದು. ಠ, ರ, ಲ ಮುಂತಾದ ದುಂಡು ಅಕ್ಷರಗಳನ್ನು ಎರಡು ಅರೆವೃತ್ತಗಳಾಗಿ ಎಳೆದು ಕೂಡಿಸುವಲ್ಲಿ ಅವನ ಕೈಚಳಕ ಪರೀಕ್ಷೆಗೆ ಒಳಗಾಗುತ್ತಿತ್ತು. ಈ ನಿರ್ಧಾರಗಳಿಗೆ ಯಾವ ಲಿಖಿತ ಕೈಪಿಡಿಯೂ ಆಧಾರವಾಗಿರಲಿಲ್ಲ.

ಕೆಲಸದ ಋತುಮಾನ

ಪಾವಗಡ ಬರಗಾಲಕ್ಕೆ ಹೆಸರಾದ ಸೀಮೆ. ಮಳೆ ಕೈಕೊಟ್ಟರೆ ಅಂಗಡಿಯ ವ್ಯಾಪಾರವೂ ಕುಗ್ಗಿ, ಹೊಸ ಫಲಕಗಳ ಬೇಡಿಕೆಯೂ ತಗ್ಗುತ್ತಿತ್ತು. ಆದ್ದರಿಂದ ಬರಹಗಾರನ ಆದಾಯ ಅಂಗಡಿಗಳಿಗಿಂತ ಋತುಮಾನದ ಕೆಲಸಗಳನ್ನು ಅವಲಂಬಿಸಿತ್ತು. ಶ್ರಾವಣದ ಶನಿವಾರಗಳಲ್ಲಿ ಪಾವಗಡದ ಶನಿಮಹಾತ್ಮ ದೇವಾಲಯಕ್ಕೆ ಬರುವ ಭಕ್ತರಿಗಾಗಿ ಬಟ್ಟೆಯ ಬ್ಯಾನರುಗಳು, ನಾಗಲಮಡಿಕೆಯ ಸುಬ್ರಹ್ಮಣ್ಯನ ಜಾತ್ರೆ, ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆ, ಗಣೇಶೋತ್ಸವ, ಆಯುಧಪೂಜೆಯ ಹೊತ್ತಿಗೆ ಲಾರಿ, ಬಸ್ಸು, ಎತ್ತಿನ ಗಾಡಿಗಳ ಬರಹ, ಇವೆಲ್ಲ ವರ್ಷದ ಲೆಕ್ಕದಲ್ಲಿದ್ದವು. ಬಸ್ಸಿನ ಮುಂಭಾಗದ ಊರಿನ ಫಲಕ, ವಾಹನದ ನೋಂದಣಿ ಸಂಖ್ಯೆ ಮೊದಲಾದ ಚಿಕ್ಕ ಕೆಲಸಗಳು ದಿನದ ಖರ್ಚಿಗೆ ಒದಗುತ್ತಿದ್ದವು.

ಇನ್ನೊಂದು ಮೂಲ ಸರ್ಕಾರದ್ದು. ಕುಟುಂಬ ಯೋಜನೆಯ ಕೆಂಪು ತ್ರಿಕೋನ, 1990ರ ದಶಕದ ಸಾಕ್ಷರತಾ ಆಂದೋಲನದ ಘೋಷಣೆಗಳು, ಸರ್ವ ಶಿಕ್ಷಣ ಅಭಿಯಾನದ ಕಾಲದ ಶಾಲಾ ಗೋಡೆಗಳು, 2005ರ ಉದ್ಯೋಗ ಖಾತರಿ ಕಾಯಿದೆಯಡಿ ನಡೆದ ಕಾಮಗಾರಿಗಳ ಮಾಹಿತಿ ಬರಹ, 2014ರ ನಂತರದ ಸ್ವಚ್ಛ ಭಾರತ ಅಭಿಯಾನದ ವಾಕ್ಯಗಳು ಹಳ್ಳಿಯ ಗೋಡೆಗಳನ್ನು ಒಂದರ ಮೇಲೊಂದರಂತೆ ಆವರಿಸಿದವು. ಸುಣ್ಣ ಸುಲಿದ ಕಡೆ ಹಳೆಯ ಯೋಜನೆಯ ಅಕ್ಷರ ಹೊಸದರ ಅಡಿಯಿಂದ ಇಣುಕುವುದುಂಟು. ಚುನಾವಣೆಯ ಗೋಡೆಬರಹ ಮಾತ್ರ ಮೊದಲೇ ಕುಗ್ಗಿತು. 1981ರ ಕರ್ನಾಟಕ ಬಯಲು ಸ್ಥಳಗಳ ವಿರೂಪಣೆ ತಡೆ ಅಧಿನಿಯಮವೂ, ಟಿ.ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದ 1990–96ರ ಅವಧಿಯ ಬಿಗಿಯೂ ಇದಕ್ಕೆ ಕಾರಣವಾದವು. ವೃತ್ತಿಯ ಕುಸಿತಕ್ಕೆ ಯಂತ್ರವೊಂದೇ ಕಾರಣವಲ್ಲವೆಂಬುದಕ್ಕೆ ಇದು ನಿದರ್ಶನ.

ಸ್ಟಿಕರ್‌ನಿಂದ ಫ್ಲೆಕ್ಸ್‌ಗೆ

ಕುಂಚಕ್ಕೆ ಮೊದಲು ಎದುರಾದದ್ದು ಕಂಪ್ಯೂಟರಿನ ಆದೇಶದಂತೆ ಬಣ್ಣದ ಹಾಳೆಯನ್ನು ಕತ್ತರಿಸುವ ಯಂತ್ರ. ಜನ ಇದನ್ನು ‘ರೇಡಿಯಂ ಕಟಿಂಗ್’ ಎಂದು ಕರೆದರು. ವಾಹನಗಳ ಬರಹ ಮೊದಲು ಇದರ ಪಾಲಾಯಿತು. 2000ರ ದಶಕದಲ್ಲಿ ಬೃಹತ್ ಗಾತ್ರದ ಇಂಕ್‌ಜೆಟ್ ಮುದ್ರಣವು ಬೆಂಗಳೂರಿನಿಂದ ಜಿಲ್ಲಾ ಕೇಂದ್ರಗಳಿಗೂ ಅಲ್ಲಿಂದ ತಾಲ್ಲೂಕು ಪೇಟೆಗಳಿಗೂ ಹರಡಿತು. ಪಿವಿಸಿ ಲೇಪದ ಬಟ್ಟೆಯ ಮೇಲೆ ನಾಲ್ಕು ಬಣ್ಣಗಳಲ್ಲಿ ಗಂಟೆಗಳೊಳಗೆ ಮೂಡುವ ಫಲಕಕ್ಕೆ ದಿನಗಟ್ಟಲೆ ಒಣಗಬೇಕಾದ ಎನಾಮೆಲ್ ಸ್ಪರ್ಧೆಯೊಡ್ಡುವಂತಿರಲಿಲ್ಲ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾದದ್ದರಿಂದ ಸಂಖ್ಯೆ ಬರೆಯುವ ಕೆಲಸವೂ ಕೈತಪ್ಪಿತು.

ಫ್ಲೆಕ್ಸ್‌ನ್ನು ಕೇವಲ ವಿನಾಶಕಾರಿಯೆಂದು ಪರಿಗಣಿಸುವುದು ಜಾನಪದ ದೃಷ್ಟಿಗೆ ಒಪ್ಪುವ ಮಾತಲ್ಲ. ಕುಂಚದ ಕಾಲದಲ್ಲಿ ಮುಖವನ್ನು ಬರೆಸುವುದು ದುಬಾರಿ. ಆದ್ದರಿಂದ ಬೀದಿಯಲ್ಲಿ ಕಾಣುತ್ತಿದ್ದ ಮುಖಗಳು ದೇವರು, ನಾಯಕ ಮತ್ತು ಚಿತ್ರನಟರದು. ಫ್ಲೆಕ್ಸ್ ಬಂದ ಮೇಲೆ ಊರಿನ ಸಾಮಾನ್ಯ ಯುವಕರ ಮುಖಗಳು ಸಾಲುಸಾಲಾಗಿ ಕಾಣಿಸಿಕೊಂಡವು. ಅಂಬೇಡ್ಕರ್ ಜಯಂತಿ, ವಾಲ್ಮೀಕಿ ಜಯಂತಿ, ಕನಕ ಜಯಂತಿಗಳ ಫಲಕಗಳಲ್ಲಿ ಈವರೆಗೆ ಪೇಟೆಯ ಬೀದಿಯಲ್ಲಿ ಚಿತ್ರವಿಲ್ಲದಿದ್ದ ಸಮುದಾಯಗಳು ತಮ್ಮ ಇರವನ್ನು ಸಾರಿದವು. ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರವಾಗಿರುವ ಪಾವಗಡದಲ್ಲಿ ಈ ಅಂಶಕ್ಕೆ ಹೆಚ್ಚಿನ ಮಹತ್ವವಿದೆ. ತೀರಿಕೊಂಡ ಹಿರಿಯನ ಶ್ರದ್ಧಾಂಜಲಿ ಫಲಕವನ್ನು ಊರಬಾಗಿಲಲ್ಲಿ ನಿಲ್ಲಿಸುವ ರೂಢಿಯೂ ಇದರೊಡನೆ ಬೆಳೆಯಿತು. ಕುಂಚದ ಫಲಕ ಅಕ್ಷರಪ್ರಧಾನ, ಫ್ಲೆಕ್ಸ್ ಮುಖಪ್ರಧಾನ. ಒಂದರಲ್ಲಿ ಅಕ್ಷರಕ್ಕೆ ದೊರೆತಿದ್ದ ಗಮನ ಇನ್ನೊಂದರಲ್ಲಿ ಮುಖಕ್ಕೆ ವರ್ಗವಾಯಿತು.

ಅಕ್ಷರದ ಪಾಲಿಗೆ ಇದರ ಪರಿಣಾಮ ಗಂಭೀರವಾದದ್ದು. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಪುಣೆಯಿಂದ ಬಂದ ‘ಶ್ರೀಲಿಪಿ’ ಮೊದಲಾದವು ಕನ್ನಡವನ್ನು ಗಣಕಕ್ಕೆ ತಂದ ಸಾಧನೆಗಳು. ಅವುಗಳ ಅಕ್ಷರವಿನ್ಯಾಸ ಮುಖ್ಯವಾಗಿ ಪುಟದ ಓದಿಗೆ ಹೊಂದಿದ್ದು. ಅದೇ ಅಕ್ಷರವನ್ನು 20 ಅಡಿಯ ಫಲಕಕ್ಕೆ ಹಿಗ್ಗಿಸಿದಾಗ ತೆಳುಗೆರೆಗಳು ದೂರಕ್ಕೆ ಕರಗುತ್ತವೆ. ಅಗಲಕ್ಕೆ ಎಳೆದಾಗ ದುಂಡು ಅಕ್ಷರ ಮೊಟ್ಟೆಯಾಕಾರ ತಾಳುತ್ತದೆ. ತೆಲುಗು ಬರಹವನ್ನು ಬೇರೆ ಅಕ್ಷರಜಾತಿಯಿಂದ ತಂದು ಕೂಡಿಸುವುದರಿಂದ ಒಂದೇ ಕೈಯ ಬರಹದಲ್ಲಿ ಎರಡು ಲಿಪಿಗಳಿಗಿದ್ದ ಹೊಂದಾಣಿಕೆಯೂ ಉಳಿಯದು. ಅಕ್ಷರದ ಆಕಾರವನ್ನು ನಿರ್ಣಯಿಸುವ ಅಧಿಕಾರ ಪೇಟೆಯ ಕುಶಲಿಯಿಂದ ದೂರದ ತಂತ್ರಾಂಶಕ್ಕೆ ಸರಿದದ್ದು ಇಲ್ಲಿಯ ಮುಖ್ಯ ಪಲ್ಲಟ.

ಮಿಂಚಿನ ಫಲಕ

ಎಲ್‌ಇಡಿ ಫಲಕಗಳಲ್ಲಿ ಈ ಸಮಸ್ಯೆ ಇನ್ನಷ್ಟು ನಿಚ್ಚಳವಾಗುತ್ತದೆ. ಅಂಗಡಿ, ಬಸ್ಸು, ಬ್ಯಾಂಕುಗಳಲ್ಲಿ ಸಾಗುವ ಅಕ್ಷರದ ಚಿಕ್ಕ ಫಲಕಗಳು ಅಡ್ಡಸಾಲುಗಳಲ್ಲಿ ಜೋಡಿಸಿದ ದೀಪದ ಚುಕ್ಕೆಗಳಿಂದಾಗಿವೆ. ಸಾಮಾನ್ಯವಾಗಿ ಬಳಕೆಯಲ್ಲಿರುವ 16 ಸಾಲುಗಳ ಫಲಕದಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಪೂರ್ಣ ಎತ್ತರವನ್ನು ಬಳಸಿಕೊಳ್ಳಬಲ್ಲುದು. ಕನ್ನಡಕ್ಕೆ ಅದೇ 16 ಸಾಲುಗಳಲ್ಲಿ ಗುಡಿಸಿಗೆ ಮೇಲೆ, ಒತ್ತಿಗೆ ಕೆಳಗೆ ಜಾಗ ಬಿಟ್ಟರೆ ಒಡಲಿಗೆ ಉಳಿಯುವುದು ಅಲ್ಪ. ‘ಮಹಾತ್ಮ’ ಎಂಬಲ್ಲಿಯ ಮಕಾರದ ಒತ್ತು ಚುಕ್ಕೆಗಳ ಗುಂಪಾಗಿ ತೋರಿದರೆ ಆಶ್ಚರ್ಯವಿಲ್ಲ. ಕುಂಚದ ಬರಹಗಾರ ಬಗೆಹರಿಸಿಕೊಂಡಿದ್ದ ಎತ್ತರದ ಲೆಕ್ಕವೇ ಇಲ್ಲಿ ಮತ್ತೆ ಎದುರಾಗಿದೆ. ಆದರೆ ಉತ್ತರ ಬಲ್ಲವನು ಆ ಫಲಕದ ತಯಾರಿಕೆಯಲ್ಲಿ ಭಾಗಿಯಲ್ಲ.

ಪೂರ್ಣಪರದೆಯ ದೊಡ್ಡ ಡಿಜಿಟಲ್ ಫಲಕಗಳಿಗೆ ಈ ಮಿತಿ ಇಲ್ಲ. ಅವು ದುಬಾರಿಯಾದರೂ ಒಂದೇ ಪರದೆಯಲ್ಲಿ ಹಲವು ಜಾಹೀರಾತುಗಳನ್ನು ಸರದಿಯಂತೆ ತೋರಿಸಬಲ್ಲವು. ಫ್ಲೆಕ್ಸ್ ಕುಂಚಕ್ಕೆ ಮಾಡಿದ್ದನ್ನು ಅವು ಮುಂದೆ ಫ್ಲೆಕ್ಸ್‌ಗೆ ಮಾಡುವ ಸಂಭವವಿದೆ.

ಕಾನೂನು ತೆರೆದ ಬಾಗಿಲು

ಈ ಪಲ್ಲಟದ ನಡುವೆ ಕೈಬರಹಕ್ಕೆ ಅನುಕೂಲವಾಗಬಹುದಾಗಿದ್ದ ಸಂದರ್ಭಗಳೂ ಒದಗಿದವು. 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಚೀಲಗಳೊಡನೆ ಫ್ಲೆಕ್ಸ್ ಮತ್ತು ಪ್ಲಾಸ್ಟಿಕ್ ಬ್ಯಾನರುಗಳನ್ನೂ ನಿಷೇಧಿಸಿತು. 2018ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯದ ಆದೇಶದಂತೆ ಬೆಂಗಳೂರಿನಲ್ಲಿ ಅನಧಿಕೃತ ಫ್ಲೆಕ್ಸ್‌ಗಳ ತೆರವು ನಡೆಯಿತು. ಕೇಂದ್ರದ ನಿಯಮದಂತೆ 2022ರ ಜುಲೈ 1ರಿಂದ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳು ನಿಷಿದ್ಧವಾದವು. 2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ತಂದ ತಿದ್ದುಪಡಿಯು ವಾಣಿಜ್ಯ ಫಲಕಗಳಲ್ಲಿ ಶೇ. 60ರಷ್ಟು ಭಾಗ ಕನ್ನಡವಿರಬೇಕೆಂದು ವಿಧಿಸಿತು.

ಫಲಕಗಳನ್ನು ಹೊಸದಾಗಿ ಬರೆಸಬೇಕಾದ ಈ ಸಂದರ್ಭಗಳು ಕುಂಚಕ್ಕೆ ಮರುಜೀವ ಕೊಡಲಿಲ್ಲ. ನಿಷೇಧದ ಜಾರಿ ಸಡಿಲವಾಗಿದ್ದುದು ಒಂದು ಕಾರಣ. ವೃತ್ತಿಗೆ ಸಂಘಟನೆಯ ಬಲವಿಲ್ಲದಿದ್ದುದು ಇನ್ನೊಂದು. ಕುಲಕಸುಬಲ್ಲದ್ದರಿಂದ ಜಾತಿಸಂಘದ ಬೆಂಬಲ ಇದಕ್ಕಿಲ್ಲ. ಪಾರಂಪರಿಕ ಕಲೆಯೆಂಬ ಮನ್ನಣೆಯೂ ಇಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಹೆಸರಿಸಿತು. ಬಡಗಿ, ಕಮ್ಮಾರ, ಕುಂಬಾರ, ಶಿಲ್ಪಿ, ದರ್ಜಿ, ಹೂಮಾಲೆ ಕಟ್ಟುವವರು, ಮೀನುಬಲೆ ಹೆಣೆಯುವವರು ಆ ಪಟ್ಟಿಯಲ್ಲಿದ್ದಾರೆ, ಫಲಕ ಬರೆಯುವವರಿಲ್ಲ. ಕಸುಬುದಾರನಿಗೆ ತರಬೇತಿ, ಉಪಕರಣ, ಸಾಲ ದೊರೆಯುವುದು ಇಂತಹ ಪಟ್ಟಿಗಳ ಮೂಲಕ. ಪಟ್ಟಿ ಸಿದ್ಧವಾಗುವುದು ಅಧ್ಯಯನ ಮತ್ತು ದಾಖಲೆಗಳ ಆಧಾರದಿಂದ. ಜಾನಪದ ಶಾಸ್ತ್ರವು ದಾಖಲಿಸದೆ ಬಿಟ್ಟದ್ದರ ಬೆಲೆಯನ್ನು ವೃತ್ತಿ ತೆತ್ತಿದೆ ಎಂದರೆ ಅತಿಶಯೋಕ್ತಿಯಾಗದು.

ಶೇ. 60ರ ನಿಯಮವೂ ಅಕ್ಷರದ ದೃಷ್ಟಿಯಿಂದ ಚಿಂತನೆಗೆ ಅರ್ಹವಾಗಿದೆ. ಒತ್ತು ಗುಡಿಸುಗಳಿಗೆ ಜಾಗ ಬಿಡಬೇಕಾದ್ದರಿಂದ ಸಮಾನ ವಿಸ್ತಾರದಲ್ಲಿ ಕನ್ನಡದ ಒಡಲು ಇಂಗ್ಲಿಷಿಗಿಂತ ಚಿಕ್ಕದಾಗಿ ಕಾಣುತ್ತದೆ. ವಿಸ್ತಾರವನ್ನು ಅಳೆಯುವ ಕಾನೂನು ಓದುವಿಕೆಯನ್ನು ಅಳೆಯಲಾರದು. ಆ ಅಳತೆ ಕುಂಚದ ಬರಹಗಾರನ ಕಣ್ಣಿನಲ್ಲಿತ್ತು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಫಲಕ ಬರಹವು ಪೇಟೆಯಲ್ಲಿ ಬೆಳೆದ, ಗುರುಮುಖದಿಂದ ಸಾಗಿಬಂದ ಅಲಿಖಿತ ವಿದ್ಯೆ. ಗಡಿನಾಡಿನಲ್ಲಿ ಅದು ಎರಡು ಲಿಪಿಗಳ ಸಹಬಾಳ್ವೆಯ ಕ್ಷೇತ್ರವೂ ಆಗಿತ್ತು. ಹೊಸ ಮಾಧ್ಯಮಗಳು ಅದರ ಮಾರುಕಟ್ಟೆಯನ್ನು ವಶಪಡಿಸಿಕೊಂಡವೇ ಹೊರತು ಅದರ ಜ್ಞಾನವನ್ನು ಸ್ವೀಕರಿಸಲಿಲ್ಲ.

ಆ ಜ್ಞಾನವನ್ನು ಡಿಜಿಟಲ್ ಮಾಧ್ಯಮಕ್ಕೆ ದಾಟಿಸುವುದು ಸಾಧ್ಯವೆಂಬುದಕ್ಕೆ ಹೊರಗಿನ ನಿದರ್ಶನವಿದೆ. ಕಲಾವಿದ ಹನೀಫ್ ಕುರೇಶಿ ಅವರು ಬೀದಿಬರಹಗಾರರ ಅಕ್ಷರಗಳನ್ನು ಅವರ ಹೆಸರಿನಲ್ಲಿಯೇ ಗಣಕದ ಅಕ್ಷರಜಾತಿಗಳಾಗಿ ರೂಪಿಸುವ ಕಾರ್ಯವನ್ನು ದೆಹಲಿಯಿಂದ ಆರಂಭಿಸಿದ್ದರು. 2024ರಲ್ಲಿ ಅವರು ತೀರಿಕೊಂಡರು. ಕನ್ನಡದಲ್ಲಿಯೂ ಇಂತಹ ಕಾರ್ಯ ವ್ಯವಸ್ಥಿತವಾಗಿ ನಡೆಯಬೇಕಾಗಿದೆ. ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ, ರಾಮನಗರದ ಜಾನಪದ ಲೋಕ, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಗಳು ಮನಸ್ಸು ಮಾಡಿದರೆ ಮೂರು ಕೆಲಸಗಳನ್ನು ಕೂಡಲೆ ಕೈಗೊಳ್ಳಬಹುದು. ತಾಲ್ಲೂಕು ಪೇಟೆಗಳಲ್ಲಿ ಉಳಿದಿರುವ ಕೈಬರಹದ ಫಲಕಗಳನ್ನು ಅಳತೆ, ಅಂಕಿತಗಳೊಡನೆ ಛಾಯಾಚಿತ್ರಿಸುವುದು ಮೊದಲನೆಯದು. ಹಿರಿಯ ಬರಹಗಾರರು ಅಕ್ಷರ ಕಟ್ಟುವ ಕ್ರಮವನ್ನು ಚಲನಚಿತ್ರದಲ್ಲಿ ಸೆರೆಹಿಡಿದು, ಅವರ ಪರಿಭಾಷೆಯನ್ನು ಸಂಗ್ರಹಿಸುವುದು ಎರಡನೆಯದು. ಕನ್ನಡ ಅಕ್ಷರಜಾತಿಗಳನ್ನೂ ಎಲ್‌ಇಡಿ ಫಲಕಗಳನ್ನೂ ರೂಪಿಸುವ ತಂತ್ರಜ್ಞರೊಡನೆ ಅವರನ್ನು ಗೌರವಧನ ಸಹಿತ ಕೂರಿಸುವುದು ಮೂರನೆಯದು.

ಇವುಗಳಲ್ಲಿ ಮೊದಲ ಕೆಲಸಕ್ಕೆ ಕಾಲಾವಕಾಶ ಬಹಳ ಕಡಿಮೆ. ತಗಡಿನ ಫಲಕ ತುಕ್ಕು ಹಿಡಿಯುತ್ತದೆ, ಅಂಗಡಿ ಕೈಬದಲಾದಾಗ ಗುಜರಿಗೆ ಸೇರುತ್ತದೆ, ಗೋಡೆಯ ಬರಹ ಮುಂದಿನ ಸುಣ್ಣದವರೆಗೆ ಮಾತ್ರ ಇರುತ್ತದೆ. ಎರಡನೆಯ ಕೆಲಸಕ್ಕೆ ಅದಕ್ಕಿಂತಲೂ ಕಡಿಮೆ. ಹೊರಗೆರೆ ಎಳೆಯಬಲ್ಲ ಕೈಗಳಿಗೆ ವಯಸ್ಸಾಗುತ್ತಿದೆ. ನಿಡುಗಲ್ಲಿನ ಶಾಸನಗಳನ್ನು ಪಡಿಯಚ್ಚು ತೆಗೆದು ಉಳಿಸಿಕೊಂಡ ವಿದ್ವತ್ತು ಪಾವಗಡ ಪೇಟೆಯ ಬೀದಿಯ ಅಕ್ಷರಕ್ಕೂ ಅಷ್ಟೇ ಶ್ರದ್ಧೆ ತೋರಬೇಕಾದ ಕಾಲ ಬಂದಿದೆ.